ಕಟ್ಟಳೆ ಮುರಿಯುವವರಿಂದ ಸಮಾಜಕ್ಕೆ ಏನಾದರೂ ಉಪಯೋಗ ಇದೆಯೇ?

ಇದೆ. ಆದರೆ ಅದಕ್ಕೆ ಬೆಲೆ ತೆರುವವರು ಯಾರು ಅಂತಲೂ ನೋಡಬೇಕು. ನನಗೆ ಇದು ಅರ್ಥವಾದದ್ದು ಗಾಂಧೀಜಿಯ ಬದುಕಿನ ಒಂದು ಘಟನೆಯಿಂದ.

1888ರಲ್ಲಿ ಅವರು ಓದಲು ಇಂಗ್ಲೆಂಡಿಗೆ ಹೊರಟಿದ್ದರು. ಮುಂಬೈಯಲ್ಲಿ ಅವರ ಮೋಢ್ ಬನಿಯಾ ಜಾತಿಯ ಹಿರಿಯರು ಸಭೆ ಕರೆದರು. ಕಡಲು ದಾಟಬಾರದು, ಅಲ್ಲಿ ಧರ್ಮ ಉಳಿಯುವುದಿಲ್ಲ ಎಂದರು. ಹುಡುಗ ಒಪ್ಪಲಿಲ್ಲ. ಜಾತಿಯಿಂದ ಹೊರಗೆ ಹಾಕಿದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಇವನಿಗೆ ಸಹಾಯ ಮಾಡಿದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ 1 ರೂಪಾಯಿ 4 ಆಣೆ ದಂಡ.

ಆ ದಂಡ ಯಾರಿಗೆ ನೋಡಿ. ಹೊರಟವನು ಹೇಗೂ ಹೊರಟ. ದಂಡ ಬಿದ್ದದ್ದು ಊರಲ್ಲಿ ಉಳಿದವರ ಮೇಲೆ. ಕಟ್ಟಳೆ ಅನ್ನುವುದು ದಿನಾ ಬೆಳಗಾದರೆ ಯಾರ ಕಣ್ಣಿಗೂ ಬೀಳದ ಗೆರೆ. ಒಬ್ಬ ದಾಟಿದಾಗಲೇ ಎಲ್ಲರೂ ಸೇರಿ ಅದನ್ನು ಮತ್ತೆ ಎಳೆಯುತ್ತಾರೆ, 'ನಾವು ಅಂದರೆ ಇಂಥವರು' ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಮುರಿಯುವವರಿಂದ ಸಮಾಜಕ್ಕೆ ಆಗುವ ಒಂದು ಉಪಯೋಗ ಇದು. 1891ರಲ್ಲಿ ವಾಪಸು ಬಂದ ಗಾಂಧಿಯವರು ಅತ್ತೆ-ಮಾವನ ಮನೆಯಲ್ಲಿ ನೀರು ಕೂಡ ಕುಡಿಯುವ ಹಾಗಿರಲಿಲ್ಲ. ಕದ್ದುಮುಚ್ಚಿ ಕೊಡಲು ಅವರು ತಯಾರಿದ್ದರು. ಇವರೇ ಬೇಡ ಎಂದರು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1895ರಲ್ಲೇ ಇದನ್ನು ಬರೆದಿದ್ದ. ಬರೀ ಸಂತರೇ ಇರುವ ಮಠ ಇದ್ದರೂ ಅಲ್ಲಿ ಸಣ್ಣಪುಟ್ಟ ಲೋಪಗಳೇ ದೊಡ್ಡ ಅಪರಾಧವಾಗುತ್ತವೆ ಎನ್ನುವುದು ಅವನ ಮಾತು. ತಪ್ಪಿಲ್ಲದ ಸಮಾಜ ಇರಲಾರದು.

ನಮ್ಮಜ್ಜಿಯ ಊರಲ್ಲಿ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದವರೊಬ್ಬರಿದ್ದರು. ಯಾರೂ ಅವರನ್ನು ಬೈಯುತ್ತಿರಲಿಲ್ಲ. ಮದುವೆ, ಮುಂಜಿಗೆ ಕರೆಯಲು ಬಂದವರು ಅವರ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು, ಅಷ್ಟೇ. ಆ ಮನೆ ಬಂದಾಗ ಅಜ್ಜಿ ನನ್ನ ಕೈಯನ್ನು ಸ್ವಲ್ಪ ಜಾಸ್ತಿ ಬಿಗಿಯಾಗಿ ಹಿಡಿದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಜಾತಿ ಅಂದರೇನು ಅಂತ ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಆ ನಡಿಗೆಯಿಂದಲೇ ಕಲಿತೆ. ಆ ಮನೆಯವರು ನಮಗೆಲ್ಲ ಪಾಠವಾಗಿ ಬದುಕಬೇಕಾಯಿತು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಗಾಗಿ 'ಉಪಯೋಗ' ಅನ್ನುವ ಪದವನ್ನು ಸುಮ್ನೆ ಬಳಸಲು ನನಗೆ ಮನಸ್ಸಿಲ್ಲ.

ಇನ್ನೊಂದು ಉಪಯೋಗವೂ ಇದೆ, ನನಗೆ ಅದೇ ದೊಡ್ಡದು. ದಾಟುವವರಿಂದಲೇ ಗೆರೆ ಜರುಗುತ್ತದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರ ಸಾರಸ್ವತ ಸಮಾಜವೇ ಅವರಿಗೆ ಬಹಿಷ್ಕಾರ ಹಾಕಿತು. ಇವತ್ತು ಅದೇ ಊರಿನ ಪುರಭವನಕ್ಕೆ ಅವರ ಹೆಸರಿದೆ. ಇನ್ನು, ಬೀಳ್ಕೊಡಲು ಹೋದವರಿಗೆ ದಂಡ ಎಂದಿದ್ದ ಆ ಮುಂಬೈ ಇರುವ ಮಹಾರಾಷ್ಟ್ರದಲ್ಲಿ, 2016ರ ಕಾನೂನಿನ ಪ್ರಕಾರ ಬಹಿಷ್ಕಾರ ಹಾಕುವುದೇ ಅಪರಾಧ. 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.