ಟೇಬಲ್‌ಗೊಂದು ಸರ್ವಿಸ್ ಬೇಡ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಏಳನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಸರ್ವಿಸ್ ಆಧಾರಿತ ವಿನ್ಯಾಸ, ಅಂದರೆ ಒಂದು ದೊಡ್ಡ ಪ್ರೋಗ್ರಾಂ ಬದಲು ನೆಟ್‌ವರ್ಕ್ ಮೂಲಕ ಮಾತಾಡುವ ಸಣ್ಣ ಪ್ರೋಗ್ರಾಂಗಳನ್ನು (ಸರ್ವಿಸ್‌ಗಳನ್ನು) ಕಟ್ಟುವುದು, ನಮಗೊಂದು ವಿಷಯ. ತರಗತಿಯಲ್ಲಿ ಸೋಪ್ (ಸಂದೇಶ ಕಳುಹಿಸುವ ವಿಧಾನ), ಡಬ್ಲ್ಯೂಎಸ್‌ಡಿಎಲ್ (ಸರ್ವಿಸ್‌ನ ವಿವರಣೆ), ಯುಡಿಡಿಐ (ಸರ್ವಿಸ್ ಹುಡುಕುವ ನೋಂದಣಿ ಪಟ್ಟಿ) ಎಂದು ವ್ಯಾಖ್ಯೆ ಬರೆಸುತ್ತಾರೆ. ಪ್ರಾಜೆಕ್ಟ್‌ಗೆ ನಾವು ನಾಲ್ವರು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಇ-ಟೆಂಡರ್ ಆರಿಸಿಕೊಂಡು ರೈತ, ವರ್ತಕ, ದಲಾಲಿ ಅಂಗಡಿ, ಲಾಟ್, ಬಿಡ್, ತೂಕ, ಬಿಲ್, ಪಾವತಿ ಎಂದು ಎಂಟು ಸರ್ವಿಸ್ ಬರೆದಿದ್ದೇವೆ. ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ. ಒಂದೇ ಪ್ರೋಗ್ರಾಂ ಆಗಿದ್ದಾಗಲೇ ಚೆನ್ನಾಗಿತ್ತು ಅನ್ನಿಸುತ್ತಿದೆ. ಎಲ್ಲಿ ತಪ್ಪಿದ್ದೇವೆ? ಪರೀಕ್ಷೆಗೆ, ಮುಂದೆ ನೌಕರಿಗೆ ಏನು ಓದಬೇಕು?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಎಂಟು ಸರ್ವಿಸ್‌ಗಳ ಹೆಸರು ಓದಿದರೆ ಡೇಟಾಬೇಸ್‌ನ ಟೇಬಲ್‌ಗಳ ಪಟ್ಟಿ ಓದಿದಂತಾಗುತ್ತದೆ. ಎಡವಟ್ಟಾಗಿರುವುದು ಅಲ್ಲೇ. ಲಾಟ್ ಯಾರಿಗೆ ಹೋಯಿತು ಎಂದು ಹೇಳಲು ಬಿಡ್ ಸರ್ವಿಸ್ ಈಗ ಲಾಟ್, ವರ್ತಕ, ದಲಾಲಿ ಅಂಗಡಿ ಮೂರನ್ನೂ ನೆಟ್‌ವರ್ಕ್ ಮೂಲಕ ಕೇಳಬೇಕು. ಮೊದಲು ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತಿದ್ದ ಫಂಕ್ಷನ್ ಕರೆ ಈಗ ಮಿಲಿಸೆಕೆಂಡುಗಳಿಗೆ ಹಿಗ್ಗಿದೆ, ಜೊತೆಗೆ ಕೈಕೊಡುವ ಹಕ್ಕನ್ನೂ ಪಡೆದಿದೆ. ನೀವು ಪ್ರೋಗ್ರಾಂ ಅನ್ನು ವಿಂಗಡಿಸಿಲ್ಲ, ತುಂಡರಿಸಿದ್ದೀರಿ.

ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೆ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಉತ್ತರ ಕೊಟ್ಟಿದ್ದಾರೆ: ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಮೊದಲು ಪಟ್ಟಿ ಮಾಡಿ, ಒಂದೊಂದನ್ನು ಪ್ರೋಗ್ರಾಂನ ಒಂದೊಂದು ಬಿಡಿಭಾಗದೊಳಗೆ, ಅಂದರೆ ಮಾಡ್ಯೂಲ್‌ನೊಳಗೆ, ಬಚ್ಚಿಡಿ. ಅವರು ಹೇಳಿದ್ದು ಮಾಡ್ಯೂಲ್‌ಗಳ ಬಗ್ಗೆ, ಸರ್ವಿಸ್‌ಗಳಿಗೂ ಅದೇ ನಡೆಯುತ್ತದೆ. ಮಾರುಕಟ್ಟೆಯ ಕೆಲಸವನ್ನು ಹಾಗೆ ನೋಡಿ. ಆವಕ ನೋಂದಣಿ ದಲಾಲಿ ಅಂಗಡಿಯವರ ಕೈಯಲ್ಲಿ ನಡೆಯುತ್ತದೆ. ಬಿಡ್‌ಗೆ ನಿಗದಿತ ಅವಧಿಯಿದೆ, ಆ ಹೊತ್ತಿನಲ್ಲಿ ಎಲ್ಲ ವರ್ತಕರೂ ಒಟ್ಟಿಗೆ ಮುಗಿಬೀಳುತ್ತಾರೆ. ತೂಕ ಮತ್ತು ಪಾವತಿಯ ನಿಯಮಗಳು ಸರ್ಕಾರದ ಆದೇಶ ಬಂದಂತೆ ಬದಲಾಗುತ್ತವೆ. ಅಲ್ಲಿಗೆ ಆವಕ, ಬಿಡ್, ತೂಕವೂ ಸೇರಿದ ಪಾವತಿ ಎಂದು ಮೂರು ಸರ್ವಿಸ್ ಸಾಕು. ರೈತ, ವರ್ತಕ ಎಂಬವು ಈ ಮೂರರೊಳಗಿನ ಮಾಹಿತಿ, ಅವಕ್ಕೆ ಬೇರೆ ಮನೆ ಬೇಡ.

ಟೆಂಡರ್ ತೆರೆಯುವ ಹೊತ್ತಿಗೆ ತನಗೆ ಬೇಕಾದ ಲಾಟ್ ವಿವರವನ್ನು ಬಿಡ್ ಸರ್ವಿಸ್ ತನ್ನ ಡೇಟಾಬೇಸಿಗೆ ನಕಲು ಮಾಡಿಟ್ಟುಕೊಳ್ಳಲಿ. ಒಂದು ಮಾಹಿತಿ ಒಂದೇ ಕಡೆ ಇರಬೇಕೆಂದು ಡಿಬಿಎಂಎಸ್ (ಡೇಟಾಬೇಸ್ ವಿಷಯ) ಕಲಿಸಿದವರು ಹುಬ್ಬೇರಿಸುತ್ತಾರೆ, ಏರಿಸಲಿ. ಆವಕದ ಸರ್ವರ್ ಬಿದ್ದರೂ ಟೆಂಡರ್ ನಡೆಯಬೇಕೆಂದರೆ ಈ ನಕಲಿಗೆ ಪರ್ಯಾಯವಿಲ್ಲ.

ನಿಮ್ಮ ಹೆಚ್ಚಿನ ಸಮಯ ಹೋಗಬೇಕಾದದ್ದು ಸರ್ವಿಸ್‌ಗಳ ನಡುವಿನ ಕರಾರಿಗೆ, ಅಂದರೆ ಯಾವುದು ಏನನ್ನು ಯಾವ ರೂಪದಲ್ಲಿ ಕಳುಹಿಸಬೇಕು ಎಂಬ ಬರಹಕ್ಕೆ. ಬಿಡ್ ಸರ್ವಿಸ್ ‘ದರ: 18500’ ಎಂದು ಕಳುಹಿಸಿತು ಎನ್ನಿ. ಕ್ವಿಂಟಲಿಗೋ, ಕಿಲೋಗೋ? ಎರಡು ಕ್ವಿಂಟಲ್ ನಲವತ್ತು ಕಿಲೋ ತೂಗಿದ ಲಾಟ್‌ಗೆ 44,400 ರೂಪಾಯಿ ಬರಬೇಕು. ಪಾವತಿಯ ಸರ್ವಿಸ್ ಬರೆದವರು ಕಿಲೋ ಎಂದು ತಿಳಿದಿದ್ದರೆ ರೈತನ ಖಾತೆಗೆ 44,40,000 ಜಮೆಯಾಗುತ್ತದೆ. ಕಂಪೈಲರ್ ಚಕಾರ ಎತ್ತುವುದಿಲ್ಲ, ರೈತನೂ ಎತ್ತಲಾರ. ಆದ್ದರಿಂದ ಫೀಲ್ಡಿನ ಹೆಸರಲ್ಲೇ ಅಳತೆ ಇರಲಿ. ತಳಿ ಎಂಬಲ್ಲಿ ಡಬ್ಬಿ, ಕಡ್ಡಿ ಮುಂತಾಗಿ ಯಾವ ಹೆಸರುಗಳಿಗೆ ಮಾತ್ರ ಅವಕಾಶ ಎಂದು ಬರೆದಿಡಿ. ತಪ್ಪಾದಾಗ ಏನು ಉತ್ತರ ಬರುತ್ತದೆ ಎಂಬುದೂ ಕರಾರಿನ ಭಾಗವೇ.

ಇನ್ನೊಂದು ಸಂಗತಿಯನ್ನು ಪ್ರಯೋಗಾಲಯದ ವೇಗದ ನೆಟ್‌ವರ್ಕ್ ಮುಚ್ಚಿಡುತ್ತದೆ. ಟೆಂಡರ್ ಮುಗಿಯಲು ಒಂದು ನಿಮಿಷವಿದೆ, ವರ್ತಕ ‘ಸಲ್ಲಿಸು’ ಒತ್ತುತ್ತಾನೆ. ಬಿಡ್ ದಾಖಲಾಗುತ್ತದೆ, ಆದರೆ ‘ಆಯಿತು’ ಎಂಬ ಉತ್ತರ ದಾರಿಯಲ್ಲೇ ಕಳೆದುಹೋಗುತ್ತದೆ. ಅವನು ಮತ್ತೆ ಒತ್ತುತ್ತಾನೆ. ಈಗ ಎರಡು ಬಿಡ್. ಪಾವತಿಯಲ್ಲಿ ಹೀಗಾದರೆ ಹಣವೇ ಎರಡು ಸಲ ಹೋಗುತ್ತದೆ. ಪರಿಹಾರ ಸರಳ: ಮೊಬೈಲ್ ಆ್ಯಪ್ ತಾನೇ ಒಂದು ಕೋರಿಕೆ ಸಂಖ್ಯೆ ಸೃಷ್ಟಿಸಿ ಕಳುಹಿಸಲಿ, ಮರುಪ್ರಯತ್ನದಲ್ಲೂ ಅದೇ ಸಂಖ್ಯೆ ಹೋಗಲಿ. ಆ ಸಂಖ್ಯೆಯನ್ನು ಈಗಾಗಲೇ ಕಂಡಿದ್ದರೆ ಸರ್ವಿಸ್ ಹೊಸದಾಗಿ ಏನನ್ನೂ ಮಾಡದೆ ಹಳೆಯ ಉತ್ತರವನ್ನೇ ಮರಳಿಸಲಿ. ಪುಸ್ತಕಗಳಲ್ಲಿ ಇದು ಐಡೆಂಪೊಟೆನ್ಸಿ ಎಂಬ ಗಡಸು ಹೆಸರಿನಲ್ಲಿ ಸಿಗುತ್ತದೆ. ಗಡುವು ಮುಗಿಯಿತೇ ಎಂದು ನೋಡುವುದು ಸರ್ವರ್‌ನ ಗಡಿಯಾರದಲ್ಲಿ, ಮೊಬೈಲಿನದರಲ್ಲಲ್ಲ. ಹಾಕಿದ ದರವನ್ನು ಗಡುವಿನೊಳಗೆ ತಿದ್ದಬಹುದೇ ಎಂಬಂಥ ನಿಯಮಗಳನ್ನು ಹಾಸ್ಟೆಲ್ ಕೋಣೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಬ್ಯಾಡಗಿ ನಿಮ್ಮ ಜಿಲ್ಲೆಯದೇ, ಊರಿಗೆ ಹೋದಾಗ ಎಪಿಎಂಸಿಯಲ್ಲಿ ಕೇಳಿ ಬನ್ನಿ.

ಪರೀಕ್ಷೆಯ ಮಾತು ಬೇಗ ಮುಗಿಸುತ್ತೇನೆ. ಯುಡಿಡಿಐ ಎರಡು ಅಂಕದ ಪ್ರಶ್ನೆಗೆ ಸಾಕು. ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ನಡೆಸುತ್ತಿದ್ದ ಅದರ ಸಾರ್ವಜನಿಕ ನೋಂದಣಿ 2006ರಲ್ಲೇ ಮುಚ್ಚಿತು, ಪಠ್ಯಕ್ರಮಕ್ಕೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಸೋಪ್ ಅನ್ನು ಹಾಗೆ ತಳ್ಳಿಹಾಕಬೇಡಿ, ದೊಡ್ಡ ಸಂಸ್ಥೆಗಳ ಹಳೆಯ ವ್ಯವಸ್ಥೆಗಳಲ್ಲಿ ಅದು ಈಗಲೂ ಎದುರಾಗುತ್ತದೆ. ಡಬ್ಲ್ಯೂಎಸ್‌ಡಿಎಲ್ ಎಂದರೆ ಮೇಲೆ ಹೇಳಿದ ಕರಾರನ್ನೇ ಯಂತ್ರ ಓದುವಂತೆ ಬರೆದದ್ದು. ವೆಬ್‌ನ ರೀತಿಯಲ್ಲೇ ನಡೆಯುವ ರೆಸ್ಟ್ ಶೈಲಿಯ ಎಪಿಐಗಳಿಗೆ (ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವ ಬಾಗಿಲುಗಳಿಗೆ) ಇಂದು ಓಪನ್‌ಎಪಿಐ ಎಂಬ ಬರಹದ ಮಾದರಿ ಆ ಕೆಲಸ ಮಾಡುತ್ತದೆ. ನೌಕರಿಗೆ ಇದನ್ನು ಕಲಿಯಿರಿ.

ಕಲಿಯುವ ಒಳ್ಳೆಯ ದಾರಿಯೊಂದಿದೆ. ನಿಮ್ಮ ಕರಾರನ್ನು ಮಾತ್ರ ಪಕ್ಕದ ತಂಡಕ್ಕೆ ಕೊಡಿ, ಕೋಡ್ ತೋರಿಸಬೇಡಿ, ಬಾಯಿ ಬಿಡಬೇಡಿ. ಅದನ್ನು ನೋಡಿ ಅವರು ವರ್ತಕರ ಆ್ಯಪ್ ಬರೆಯಲಿ. ಅವರು ಬಂದು ಕೇಳುವ ಪ್ರತಿ ಪ್ರಶ್ನೆಯೂ ನೀವು ಬರೆಯದೆ ಬಿಟ್ಟ ಒಂದು ಸಾಲು.

ಎಂಟನ್ನು ಮೂರಕ್ಕೆ ಇಳಿಸಿದರೆ ಮಾರ್ಗದರ್ಶಕರು ಅಂಕ ಕಡಿಯುತ್ತಾರೆ ಎಂಬ ಅಂಜಿಕೆ ನಿಮಗಿದ್ದೀತು. ವೈವಾ ದಿನ ಅವರೆದುರಿಗೇ ಪಾವತಿಯ ಸರ್ವಿಸ್ ನಿಲ್ಲಿಸಿ, ಬಿಡ್‌ಗಳು ಬರುತ್ತಲೇ ಇರುವುದನ್ನು ತೋರಿಸಿ. ಮತ್ತೆ ಶುರು ಮಾಡಿದಾಗ ಬಾಕಿ ಲಾಟ್‌ಗಳ ಲೆಕ್ಕ ತಾನಾಗಿ ಮುಂದುವರಿಯಬೇಕು. ಅದಕ್ಕೆ ನಡುವೆ ರ‍್ಯಾಬಿಟ್‌ಎಂಕ್ಯೂನಂಥ ಸಂದೇಶಗಳ ಸರದಿಯೊಂದು ಬೇಕಾಗುತ್ತದೆ. ನಾಲ್ವರಲ್ಲಿ ಒಬ್ಬರು ಇಂದೇ ಅದಕ್ಕೆ ಕುಳಿತುಕೊಳ್ಳಿ.