ಆನೆಗೊಂದಿಗೆ ದಾಟುತ್ತಿದ್ದದ್ದು ಹೇಗೆ?

ವಿಜಯನಗರದ ಕಾಲದಲ್ಲಿ ಹಂಪಿಯಿಂದ ತುಂಗಭದ್ರೆಯ ಆಚೆ ದಡದ ಆನೆಗೊಂದಿಗೆ ದೋಣಿಯಲ್ಲಿ ಹೋಗುತ್ತಿದ್ದರೋ, ಸೇತುವೆ ಇತ್ತೋ ಅಂತ ಕೇಳಿದ್ದೀರಿ ಸರ್. ಎರಡೂ ಇದ್ದವು. ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯೊಳಗೆ ಕಲ್ಲುಕಂಬಗಳ ಸಾಲು ನಿಂತಿದೆಯಲ್ಲ, ಅದೇ ಹಳೇ ಸೇತುವೆಯ ಅವಶೇಷ. ಆದರೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿರುವುದು ಹರಿಗೋಲಿನ ಬಗ್ಗೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳೂ! ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತವೆ ಅಂತಲೂ ಬರೆದಿದ್ದಾನೆ. ಒಮ್ಮೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ನಮ್ಮ ಕಾಲದಲ್ಲಿ ಕಟ್ಟುತ್ತಿದ್ದ ಹೊಸ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ಹೋಗುವುದಿಲ್ಲ, ನೋಡಿಕೊಂಡು ಹೊರಡಿ.