ಅನಿಮೆಗಳಲ್ಲಿ ನಿಮ್ಮ ಮನಸ್ಸನ್ನು ತುಂಬಾ ಕಲಕಿದ ಎಪಿಸೋಡ್ ಯಾವುದು? ಯಾಕೆ? ಹೊಸಬರು ಅದನ್ನು ನೋಡಬಹುದಾ?

ನಿಯಾನ್ ಜೆನೆಸಿಸ್ ಇವಾಂಗೆಲಿಯನ್‌ನ 22ನೇ ಎಪಿಸೋಡ್. ಇದಕ್ಕೆ ನಾನು ಎರಡನೇ ಯೋಚನೆ ಮಾಡಬೇಕಾಗಿಯೇ ಇಲ್ಲ. ಹಿದೆಯಾಕಿ ಆನ್ನೋ ನಿರ್ದೇಶಿಸಿದ ಈ ಸರಣಿ ಟಿವಿ ಟೋಕಿಯೋದಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಬಂತು. ಈ ಎಪಿಸೋಡ್ ಪ್ರಸಾರವಾಗಿದ್ದು 1996ರ ಫೆಬ್ರವರಿ ಕೊನೆಗೆ. ಮುಂದೆ ಓದುವ ಮೊದಲು ಒಂದು ಮಾತು: ಕಥೆಯ ಗುಟ್ಟುಗಳು ಇಲ್ಲಿ ಬರುತ್ತವೆ, ಆತ್ಮಹತ್ಯೆಯ ವಿಷಯವೂ ಬರುತ್ತದೆ.

ಮೇಲ್ನೋಟಕ್ಕೆ ಇದು ರೋಬೋಟ್ ಕಥೆ. ಏಂಜೆಲ್ ಅನ್ನುವ ವಿಚಿತ್ರ ಜೀವಿಗಳು ದಾಳಿ ಮಾಡುತ್ತವೆ. 14 ವರ್ಷದ ಮಕ್ಕಳು ಇವಾ ಅನ್ನುವ ದೈತ್ಯ ದೇಹದೊಳಗೆ ಕೂತು ಅವುಗಳ ಜೊತೆ ಹೋರಾಡುತ್ತಾರೆ. ಪೈಲಟ್‌ನ ಮನಸ್ಸು ಇವಾ ಜೊತೆ ಎಷ್ಟು ಹೊಂದಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ, ಸಿಂಕ್ರೋ ರೇಟ್. ಈ ಎಪಿಸೋಡ್ ಆ ಪೈಲಟ್‌ಗಳಲ್ಲಿ ಒಬ್ಬಳಾದ ಆಸುಕಾಳದ್ದು. ಜರ್ಮನಿಯಿಂದ ಬಂದವಳು, ಆ ವಯಸ್ಸಿಗೇ ಕಾಲೇಜು ಮುಗಿಸಿದವಳು, ಬಾಯಿ ಜೋರು. ಎಲ್ಲದರಲ್ಲೂ ತಾನೇ ಮೊದಲು ಇರಬೇಕು ಅನ್ನುವ ಹಟ. ಅಂಥವಳ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿದೆ. ನಿನ್ನೆ ಮೊನ್ನೆ ಪೈಲಟ್ ಆದ ಶಿಂಜಿ ಅವಳನ್ನು ದಾಟಿ ಹೋಗಿದ್ದಾನೆ.

ಈ ಹಟ ಎಲ್ಲಿಂದ ಬಂತು ಅಂತ ಇಲ್ಲಿ ತೋರಿಸುತ್ತಾರೆ. ಅವಳ ಅಮ್ಮ ವಿಜ್ಞಾನಿ. ಇವಾ ಮೇಲಿನ ಒಂದು ಪ್ರಯೋಗದಲ್ಲಿ ಅಮ್ಮನ ಬುದ್ಧಿ ಕೆಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಗೊಂಬೆಯನ್ನು ಹಿಡಿದುಕೊಂಡು, ಅದನ್ನೇ ಮಗಳು ಅಂದುಕೊಂಡು ಮಾತಾಡುತ್ತಿದ್ದಳು. ನಿಜವಾದ ಮಗಳು ಎದುರಿಗೇ ನಿಂತಿದ್ದರೂ ಗುರುತು ಸಿಗಲಿಲ್ಲ. ಪೈಲಟ್ ಆಗಿ ಆಯ್ಕೆಯಾದ ದಿನ ಪುಟ್ಟ ಆಸುಕಾ ಅದನ್ನು ಹೇಳಲು ಖುಷಿಯಿಂದ ಓಡಿ ಬರುತ್ತಾಳೆ. ಬಾಗಿಲು ತೆಗೆದರೆ ಅಮ್ಮ ಜೀವ ಕಳೆದುಕೊಂಡಿದ್ದಾಳೆ. ಸಮಾಧಿಯ ಹತ್ತಿರ ಹಿರಿಯರೊಬ್ಬರು, ಅತ್ತುಬಿಡು ಮಗು, ತಡೆದುಕೊಳ್ಳಬೇಡ ಅನ್ನುತ್ತಾರೆ. ಅವಳು ಅಳುವುದಿಲ್ಲ. ನನ್ನ ವಿಷಯ ನಾನೇ ಯೋಚಿಸುತ್ತೇನೆ ಅನ್ನುತ್ತಾಳೆ. ಅಳದ ಮಗುವನ್ನು ಕಂಡರೆ ದೊಡ್ಡವರಿಗೆ ಎಷ್ಟು ಸಮಾಧಾನ ಅಲ್ವಾ? ಎಂಥಾ ಗಟ್ಟಿ ಹುಡುಗಿ ಅಂತ ಹೊಗಳಿ ಸುಮ್ಮನಾಗುತ್ತೇವೆ. ಈ ಸೀನ್ ಬಂದಾಗಲೆಲ್ಲ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ.

ಇನ್ನು ಲಿಫ್ಟ್ ಸೀನ್. ಆಸುಕಾ ಮತ್ತು ಇನ್ನೊಬ್ಬ ಪೈಲಟ್ ರೇ, ಇಬ್ಬರೇ ಲಿಫ್ಟ್‌ನಲ್ಲಿದ್ದಾರೆ. ಸುಮಾರು 50 ಸೆಕೆಂಡ್ ಪರದೆಯ ಮೇಲೆ ಏನೂ ಅಲುಗಾಡುವುದಿಲ್ಲ. ಮಾತಿಲ್ಲ, ಸಂಗೀತವಿಲ್ಲ, ಲಿಫ್ಟ್ ಸಾಗುವ ಸದ್ದು ಮಾತ್ರ. ಸರಣಿಯ ಕೊನೆಕೊನೆಗೆ ತಯಾರಿಕೆಗೆ ಸಮಯ ತೀರಾ ಕಮ್ಮಿ ಇತ್ತು, ನಿಂತ ಚಿತ್ರಗಳಲ್ಲೇ ಕೆಲಸ ಮುಗಿಸಿದ್ದಾರೆ ಅಂತ ಹೇಳುವವರಿದ್ದಾರೆ. ಕಾರಣ ಏನೇ ಇರಲಿ, ಇಷ್ಟು ಸರಿಯಾಗಿ ಕೂತ ಸೀನ್ ನಾನು ಕಂಡಿದ್ದು ಕಮ್ಮಿ. ಮಾತಾಡಲು ಇಷ್ಟವಿಲ್ಲದವರ ಜೊತೆ ಲಿಫ್ಟ್‌ನಲ್ಲಿ ನಿಂತ ಯಾರಿಗಾದರೂ ಆ 50 ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತು. ಆಮೇಲೆ ರೇ ಬಾಯಿ ಬಿಡುತ್ತಾಳೆ. ನೀನು ಮನಸ್ಸು ತೆರೆಯದಿದ್ದರೆ ಇವಾ ಅಲುಗಾಡುವುದಿಲ್ಲ, ಇವಾಗೂ ಮನಸ್ಸಿದೆ ಅನ್ನುತ್ತಾಳೆ. ಆಸುಕಾಗೆ ಕೆಂಡದಂಥ ಕೋಪ. ನಮ್ಮ ಕಮಾಂಡರ್ ಸಾಯಲು ಹೇಳಿದರೆ ಸಾಯುತ್ತೀಯಾ ಅಂತ ಕೇಳುತ್ತಾಳೆ. ರೇ ಹೂಂ ಅನ್ನುತ್ತಾಳೆ. ಕೆನ್ನೆಗೆ ಒಂದು ಏಟು ಬೀಳುತ್ತದೆ. ನೀನೊಂದು ಗೊಂಬೆ ಅಂತ ಆಸುಕಾ ಬೈಯುವಾಗ ಆಸ್ಪತ್ರೆಯ ಆ ಗೊಂಬೆ ನೆನಪಾಗದೆ ಇರದು.

ದಾಳಿ ಬರುವುದು ಇದಾದ ಮೇಲೆ. ಈ ಸಲದ ಏಂಜೆಲ್ ಭೂಮಿಗೆ ಇಳಿಯುವುದೇ ಇಲ್ಲ. ಆಕಾಶದಾಚೆ, ಕಕ್ಷೆಯಲ್ಲೇ ನಿಂತಿದೆ. ಕೆಳಗೆ ಮಳೆ ಸುರಿಯುತ್ತಿದೆ. ರೇ ಮುಂದೆ, ಆಸುಕಾ ಹಿಂದೆ ಅಂತ ಆದೇಶ. ಅವಳು ಕೇಳದೆ ತಾನೇ ಮುಂದೆ ಹೋಗುತ್ತಾಳೆ. ಆಗ ಮೋಡ ಸೀಳಿಕೊಂಡು ಒಂದು ಬೆಳಕು ಅವಳ ಮೇಲೆ ಬೀಳುತ್ತದೆ. ಇವಾಗೆ ಒಂದು ಗೀರು ಕೂಡ ಆಗುವುದಿಲ್ಲ. ಆ ಬೆಳಕು ಕೆದಕುವುದು ಅವಳ ಮನಸ್ಸನ್ನು. ಮುಚ್ಚಿಟ್ಟ ಒಂದೊಂದು ನೆನಪನ್ನೂ ಹೊರಗೆ ಎಳೆಯುತ್ತದೆ. ಒಳಗೆ ಬರಬೇಡ ಅಂತ ಅವಳು ಕಿರುಚುತ್ತಾಳೆ. ಹಿನ್ನೆಲೆಯಲ್ಲಿ ಹ್ಯಾಂಡೆಲ್‌ನ ಹಲ್ಲೆಲೂಯಾ, ದೇವರನ್ನು ಕೊಂಡಾಡುವ ಹಾಡು. ಆ ಕಿರುಚಾಟ ಮತ್ತು ಆ ಹಾಡು ಒಟ್ಟಿಗೆ ಕೇಳಿದ ಮೇಲೆ ಹಾಡು ನನಗೆ ಮೊದಲಿನ ಹಾಗೆ ಕೇಳಿಸಿಲ್ಲ.

ಶಿಂಜಿ ನಾನು ಹೋಗುತ್ತೇನೆ ಅನ್ನುತ್ತಾನೆ. ಕಮಾಂಡರ್ ಒಪ್ಪುವುದಿಲ್ಲ, ಅವನ ಇವಾಗೆ ಅಪಾಯ ಆದೀತು ಅಂತ. ಕೊನೆಗೆ ರೇ ಒಂದು ಈಟಿ ಎಸೆದು ಏಂಜೆಲನ್ನು ಮುಗಿಸುತ್ತಾಳೆ. ಆಸುಕಾಗೆ ಅದೇ ಎಲ್ಲಕ್ಕಿಂತ ದೊಡ್ಡ ಪೆಟ್ಟು. ರೇ ಕೈಯಿಂದ ಜೀವ ಉಳಿಸಿಕೊಳ್ಳುವ ಬದಲು ಸತ್ತಿದ್ದರೇ ಚೆನ್ನಾಗಿತ್ತು ಅನ್ನುವಷ್ಟು.

ನೋಡಿದವರಲ್ಲಿ ಸುಮಾರು ಜನ ಏಂಜೆಲ್ ಅವಳನ್ನು ಒಡೆದುಹಾಕಿತು ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಏಂಜೆಲ್ ಬರುವ ಮೊದಲೇ ಅವಳು ಒಡೆದಿದ್ದಳು, ಅದು ಕಣ್ಣಿಗೆ ಕಾಣುವ ಹಾಗೇ ಇತ್ತು. ಪೈಲಟ್‌ಗಳಿಗೆ ಆದೇಶ ಕೊಡುವ ಅಧಿಕಾರಿ ಮಿಸಾತೋ, ಶಿಂಜಿ, ಆಸುಕಾ ಮೂರೂ ಜನ ಒಂದೇ ಮನೆಯಲ್ಲಿದ್ದಾರೆ. ಆ ಮನೆಯ ಬಚ್ಚಲಲ್ಲಿ ನಿಂತು ಅವಳು, ಅವರಿಬ್ಬರೂ ಇಳಿದ ತೊಟ್ಟಿಯ ನೀರಿಗೆ ನಾನು ಇಳಿಯಬೇಕಾ, ಅವರ ಬಟ್ಟೆ ಹಾಕಿದ ವಾಷಿಂಗ್ ಮೆಷಿನ್‌ಗೆ ನನ್ನ ಬಟ್ಟೆ ಹಾಕಬೇಕಾ ಅಂತ ಒಬ್ಬಳೇ ಕುದಿಯುತ್ತಾಳೆ. ಜಪಾನಿನ ಮನೆಗಳಲ್ಲಿ ಸ್ನಾನದ ತೊಟ್ಟಿಗೆ ಒಂದೇ ಸಲ ನೀರು ತುಂಬಿಸಿ, ಮೈ ತೊಳೆದುಕೊಂಡು ಒಬ್ಬರಾದ ಮೇಲೆ ಒಬ್ಬರು ಇಳಿಯುವುದು ರೂಢಿ. ಆ ನೀರು ಬೇಡ ಅಂದರೆ ಈ ಮನೆಯೇ ಬೇಡ ಅಂದ ಹಾಗೆ. ಲ್ಯಾಬಿನಲ್ಲಿ ದೊಡ್ಡವರು ಅವಳ ಅಂಕಿ ಇಳಿಯುವುದನ್ನು ಪರದೆ ಮೇಲೆ ನೋಡುತ್ತಾರೆ, ಚರ್ಚೆ ಮಾಡುತ್ತಾರೆ. ಒಬ್ಬರೂ ಅವಳ ಪಕ್ಕ ಹೋಗಿ ಕೂರುವುದಿಲ್ಲ. ಕೆಲವರು ಶಿಂಜಿಯನ್ನು ಬೈಯುತ್ತಾರೆ. ಅವನಿಗೂ 14 ವರ್ಷ, ಅವನೇ ಮುಳುಗುತ್ತಿದ್ದಾನೆ. ನನ್ನ ಸಿಟ್ಟು ಏನಿದ್ದರೂ ದೊಡ್ಡವರ ಮೇಲೆ.

ಇನ್ನೂ ನೋವು ಕೊಡುವುದು ಗೊತ್ತಾಗಬೇಕಾದರೆ 1997ರ ದಿ ಎಂಡ್ ಆಫ್ ಇವಾಂಗೆಲಿಯನ್ ಸಿನಿಮಾ ನೋಡಬೇಕು. ಅವಳು ಇಷ್ಟು ದಿನ ಕೂತು ಓಡಿಸುತ್ತಿದ್ದ ಇವಾದ ಒಳಗೇ ಅವಳ ಅಮ್ಮನ ಆತ್ಮ ಇತ್ತು. ಲಿಫ್ಟ್‌ನಲ್ಲಿ ರೇ ಹೇಳಿದ್ದು ಅಕ್ಷರಶಃ ನಿಜ.

ಹೊಸಬರು ನೋಡಬಹುದಾ ಅಂದರೆ, ನೋಡಿ, ಆದರೆ ನೇರವಾಗಿ 22ಕ್ಕೆ ಹಾರಬೇಡಿ. 1ರಿಂದ ಶುರು ಮಾಡಿ. ಆಸುಕಾ ಬರುವುದು 8ರಲ್ಲಿ. 9ನೇ ಎಪಿಸೋಡ್ ಪೂರ್ತಿ ನಗಿಸುತ್ತದೆ, ಆದರೆ ಅದರಲ್ಲೇ ಒಂದು ರಾತ್ರಿ ಅವಳು ನಿದ್ದೆಗಣ್ಣಲ್ಲಿ ಅಮ್ಮಾ ಅಂತ ಕನವರಿಸುತ್ತಾಳೆ. ಅದನ್ನು ನೆನಪಿಟ್ಟುಕೊಳ್ಳಿ. 21ರಿಂದ 24ರವರೆಗಿನ ಎಪಿಸೋಡ್‌ಗಳಿಗೆ ಆಮೇಲೆ ದೃಶ್ಯ ಸೇರಿಸಿದ ಉದ್ದದ ಆವೃತ್ತಿಗಳೂ ಬಂದಿವೆ. ಸಿಕ್ಕರೆ ಅವನ್ನೇ ನೋಡಿ, ಆಸುಕಾಳ ಕಥೆ ಅಲ್ಲಿ ಇನ್ನಷ್ಟು ಬಿಡಿಸಿಕೊಳ್ಳುತ್ತದೆ. ಈಗ ನಿಮ್ಮ ಮನಸ್ಸೇ ಸರಿ ಇಲ್ಲ ಅಂದರೆ 20ಕ್ಕೆ ನಿಲ್ಲಿಸಿ, ಉಳಿದಿದ್ದನ್ನು ಮುಂದೆ ಯಾವಾಗಲಾದರೂ ಒಬ್ಬ ಗೆಳೆಯರ ಜೊತೆ ಕೂತು ನೋಡಿ. 22 ಆದ ಮೇಲೆ ಕಥೆ ಹಗುರ ಆಗುವುದಿಲ್ಲ, 24ರಲ್ಲಿ ಆಸುಕಾಳ ಸ್ಥಿತಿ ಇನ್ನೂ ಕೆಟ್ಟದಾಗಿದೆ.